ನಿರ್ಭೀತನ ನಾಲ್ಕನೇ ವಾಕ್ಯ

ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವ ನಮ್ಮ ಗುಮಾಸ್ತರು ಜನ್ಮದಲ್ಲಿ ಒಂದೇ ಒಂದು ದೂರು ಕೊಟ್ಟವರಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಊರವರ ಬೈಗುಳವನ್ನೆಲ್ಲ ತಲೆಯಾಡಿಸಿಕೊಂಡು ಕೇಳಿ, ರಸೀದಿ ಹರಿದುಕೊಟ್ಟು, ಮೇಲಿನವರಿಗೆ ಹೇಳ್ತೀನಿ ಎಂದು ಸಾಗಹಾಕಿ, ದೂರುವುದೇನಿದ್ದರೂ ಬೇರೆಯವರ ಕೆಲಸ ಎಂದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ದರ್ಜಿ ಪ್ಯಾಂಟನ್ನು ಬಿಗಿಯಾಗಿ ಹೊಲಿದರೆ ಹೊಟ್ಟೆ ಒಳಗೆಳೆದುಕೊಂಡು ಓಡಾಡುತ್ತಿದ್ದರು. ಬೇಕರಿಯವನು ನಿನ್ನೆಯ ಬನ್ನು ಕೊಟ್ಟರೆ ಚಹಾದಲ್ಲಿ ಇನ್ನಷ್ಟು ಹೊತ್ತು ಅದ್ದುತ್ತಿದ್ದರು. ಕ್ಷೌರಿಕನಂತೂ ಟೀವಿಯ ಮೇಲೆ ಕಣ್ಣಿಟ್ಟು ಕತ್ತರಿ ಆಡಿಸುವವನು. ಕೊನೆಗೆ ಕನ್ನಡಿ ಹಿಡಿದು ಹೇಗಿದೆ ಎಂದು ಕೇಳಿದರೆ ಇವರು ಬಹಳ ಚೆನ್ನಾಗಿದೆ ಎಂದು ಹೇಳಿ, ಮನೆಗೆ ಬಂದು, ಉದ್ದ ಉಳಿದ ಕಡೆಯ ಕೂದಲನ್ನು ತಾವೇ ಕತ್ತರಿಸಿ ಸಮ ಮಾಡಿಕೊಳ್ಳುತ್ತಿದ್ದರು.

ಇಂಥ ಸಾಧು ಪ್ರಾಣಿಗೆ ಒಂದು ದಿನ ಕಚೇರಿಯ ಟೈಪಿಸ್ಟಮ್ಮ ಫೋನಿನಲ್ಲಿ ಒಂದು ಜಾಲತಾಣ ತೋರಿಸಿದರು. ಅಂಗಡಿ, ಹೋಟೆಲು, ಆಸ್ಪತ್ರೆ, ಯಾವುದರ ಬಗ್ಗೆ ಬೇಕಾದರೂ ಯಾರು ಬೇಕಾದರೂ ನಕ್ಷತ್ರ ಕೊಟ್ಟು ನಾಲ್ಕು ಮಾತು ಬರೆಯಬಹುದು. ಹೆಸರು ಕೇಳಿದ ಜಾಗದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಹಾಕಬೇಕೆಂಬ ನಿಯಮವೇನಿಲ್ಲ. ಗುಮಾಸ್ತರು ಅತ್ತಿತ್ತ ನೋಡಿ, ಹೆಸರಿನ ಜಾಗದಲ್ಲಿ 'ನಿರ್ಭೀತ' ಎಂದು ಒತ್ತಿದರು. ಒತ್ತುವಾಗ ಬೆರಳು ಹೆದರಿತ್ತು.

ಬರೆಯಲು ಅವರು ಆರಿಸಿಕೊಂಡ ಜಾಗ ಸ್ನಾನದ ಮನೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಹೆಂಡತಿಗೆ ಅನುಮಾನ ಬಾರದಂತೆ ನಲ್ಲಿಯನ್ನು ಪೂರ್ತಿ ಬಿಟ್ಟು, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಬರೆಯುತ್ತಿದ್ದರು. ನೀರು ಉಳಿಸಿ ಎಂದು ಊರಿಗೆಲ್ಲ ಚೀಟಿ ಹಂಚುವ ಕಚೇರಿಯ ನೌಕರರು ಸಾಹಿತ್ಯಕ್ಕಾಗಿ ಅಷ್ಟು ನೀರನ್ನು ಹರಿಯಬಿಟ್ಟರು ಎಂಬುದನ್ನು ನಾವು ಇಲ್ಲಿ ದೊಡ್ಡದು ಮಾಡುವುದು ಬೇಡ. ಬರೆದದ್ದು ಮಾತ್ರ ಚೆನ್ನಾಗಿತ್ತು. "ಈ ಕ್ಷೌರದಂಗಡಿಯಲ್ಲಿ ನಿಮ್ಮ ಎಡಗಡೆ ಮುಗಿದು ಬಲಗಡೆ ಶುರುವಾಗುವಷ್ಟರಲ್ಲಿ ಆಟ ರಂಗೇರಿರುತ್ತದೆ. ಆದ್ದರಿಂದ ಬಲಗಿವಿಯ ಮೇಲೆ ಆಸೆ ಇರುವವರು ಟೀವಿ ಕೆಟ್ಟ ದಿನ ಹೋಗುವುದು ಒಳ್ಳೆಯದು." ಇದನ್ನು ಓದಿ ಬೀದಿ ಬೀದಿಯೇ ನಕ್ಕಿತು. ಕ್ಷೌರಿಕ ಟೀವಿ ಆರಿಸಿಬಿಟ್ಟ. ಬೇಕರಿಯವನು ಬನ್ನಿನ ಮೇಲೆ ತಾರೀಕು ಅಂಟಿಸಿದ. ಕಚೇರಿಯಲ್ಲಿ ಟೈಪಿಸ್ಟಮ್ಮ ನಿರ್ಭೀತನ ಬರಹವನ್ನು ಗಟ್ಟಿಯಾಗಿ ಓದಿ, ಯಾರೋ ಪುಣ್ಯಾತ್ಮ, ಗಂಡಸು ಅಂದ್ರೆ ಹೀಗಿರಬೇಕು ಎಂದು ಹೇಳಿ, ಗುಮಾಸ್ತರ ತಲೆಯ ಮೇಲಿಂದ ಕಿಟಕಿಯ ಆಚೆ ನೋಡಿದರು. ಗುಮಾಸ್ತರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ನೀರು ಕುಡಿದರು, ಬಂದು ಕೂತರು, ಮತ್ತೆ ಎದ್ದರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುವ ಕಷ್ಟ ನಮಗೂ ಇರುತ್ತಿರಲಿಲ್ಲ.

ಗುಮಾಸ್ತರ ಹೆಂಡತಿಯ ತಮ್ಮ ಹಲ್ಲಿನ ಡಾಕ್ಟರು. ಒಳ್ಳೆಯ ಹುಡುಗ. ಅಪ್ಪನ ಮನೆಯಿಂದ ಎರಡು ಬೀದಿ ಆಚೆ ಸ್ವಂತ ದವಾಖಾನೆ. ಬೆನ್ನು ಮುರಿದು ದುಡಿದು ಕಟ್ಟಿದ್ದು. ಆದರೆ ಬಾಯಿ ಮಾತ್ರ ತಡೆಯಿಲ್ಲದ್ದು. ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಭಾವ ಹಲ್ಲು ತೋರಿಸೋಕೆ ಬಂದಿದ್ದ ಕಥೆಯನ್ನು ಅವನು ತೆಗೆದ. ಸೂಜಿ ಇನ್ನೂ ಡಬ್ಬಿಯಲ್ಲೇ ಇತ್ತಂತೆ. ಬರೀ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದ್ದಕ್ಕೇ ಭಾವ ಕೂಗಿಕೊಂಡ ಕೂಗಿಗೆ ಹೊರಗೆ ಕೂತಿದ್ದವರು ಎದ್ದು ಮನೆಗೆ ಹೋದರಂತೆ. ಅತ್ತೆ ನಕ್ಕರು, ಮಾವ ನಕ್ಕು ಕೆಮ್ಮಿದರು. ಹೆಂಡತಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ನಮ್ಮವರು ಹಾಗೇ ಎಂದು ಬೇರೆ ಹೇಳಿದರು. ಗುಮಾಸ್ತರೂ ನಕ್ಕರು. ಒಳಗೊಳಗೇ ಮಾತ್ರ ಕುದಿದುಹೋದರು.

ಮಾರನೆಯ ಬೆಳಿಗ್ಗೆ ನಲ್ಲಿ ಎಂದಿಗಿಂತ ಜೋರಾಗಿ ಹರಿಯಿತು. ನಿರ್ಭೀತ ಬರೆದ: "ಈ ಡಾಕ್ಟರು ಹಲ್ಲು ಕೀಳುವಾಗ ಹಾಡುತ್ತಾರೆ. ನಿಮ್ಮ ಬಾಯಲ್ಲಿ ಕೈಯಿಟ್ಟುಕೊಂಡೇ ಫೋನಿನಲ್ಲಿ ಮನೆಯವರ ಜೊತೆ ಮಾತಾಡುತ್ತಾರೆ. ಕಾಯುವ ಕೋಣೆಯಲ್ಲಿ ಇಟ್ಟಿರುವ ಪತ್ರಿಕೆಗಳಲ್ಲಿ ಬರುವ ಪುಟಾಣಿಗಳಿಗೆ ಈಗ ಮದುವೆ ವಯಸ್ಸು." ಮೂರೂ ಅಪ್ಪಟ ನಿಜ. ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಹುದಾದದ್ದು. ಆದರೆ ಗುಮಾಸ್ತರು ಮತ್ತೆ ಮತ್ತೆ ಓದಿದಾಗ ಅದು ಯಾಕೋ ಮೊಟಕಾಗಿ ಕಂಡಿತು. ಇನ್ನೊಂದು ವಾಕ್ಯ ಇದ್ದರೆ ಕೊನೆಗೆ ಒಂದು ಪೆಟ್ಟು ಬೀಳುತ್ತದೆ ಎನ್ನಿಸಿತು. ಕ್ಷಣ ಯೋಚಿಸಿ ಸೇರಿಸಿದರು: "ಇವರ ಕೈ ನಡುಗುತ್ತದೆ." ನಡುಗುತ್ತಿರಲಿಲ್ಲ. ಅದು ಗುಮಾಸ್ತರಿಗೂ ಗೊತ್ತಿತ್ತು. ಆದರೆ ವಾಕ್ಯ ಮಾತ್ರ ಅಚ್ಚುಕಟ್ಟಾಗಿ ಕೂತುಬಿಟ್ಟಿತು. ಕಳಿಸಿ, ಸ್ನಾನ ಮಾಡಿ, ತಿಂಡಿ ತಿಂದು ಕಚೇರಿಗೆ ಹೋದರು.

ಮೊದಲ ಮೂರು ವಾಕ್ಯಗಳನ್ನು ಯಾರೂ ನೋಡಲೇ ಇಲ್ಲ. ಹಾಡಿದರೆ ಹಾಡಲಿ, ಯಾರಿಗೇನು? ನಾಲ್ಕನೆಯದು ಮಾತ್ರ ಫೋನಿನಿಂದ ಫೋನಿಗೆ ಹಾರಿತು. ನನಗೂ ಹಾಗೇ ಅನ್ನಿಸಿತ್ತು ಎಂದು ಒಬ್ಬರು ಬರೆದರು. ನನ್ನ ಅತ್ತಿಗೆಯ ನಾಲಿಗೆ ಸ್ವಲ್ಪದರಲ್ಲಿ ಉಳಿಯಿತು ಎಂದು ಇನ್ನೊಬ್ಬರು ಬರೆದರು. ಆ ದವಾಖಾನೆಯ ಮೆಟ್ಟಿಲು ತುಳಿಯದವರೂ ಅಲ್ಲಿ ನಡೆದದ್ದನ್ನು ಕಣ್ಣಿಗೆ ಕಟ್ಟಿದ ಹಾಗೆ ವರ್ಣಿಸಿದರು. ವಾರ ಕಳೆಯುವಷ್ಟರಲ್ಲಿ ಕಾಯುವ ಕೋಣೆಯ ಬೆಂಚುಗಳು ಖಾಲಿ ಹೊಡೆದವು.

ಹೆಂಡತಿ ಗುಮಾಸ್ತರನ್ನು ಎಳೆದುಕೊಂಡು ತವರಿಗೆ ಹೋದರು. ಅಲ್ಲಿ ಭಾವಮೈದುನ ಮೇಜಿನ ಮುಂದೆ ಕೂತು, ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಊಟಕ್ಕೆ ಕರೆದರೆ ಬರಲಿಲ್ಲ. ಭಾವ ಬಂದರೂ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೇ ಇದ್ದದ್ದು ಗುಮಾಸ್ತರ ಎದೆಗೆ ಚುಚ್ಚಿತು. ಕುರ್ಚಿಯ ತುದಿಯಲ್ಲಿ ಕೂತು ಕಾಲು ಕುಣಿಸತೊಡಗಿದರು.

ಹೆಂಡತಿ ಆಗಲೇ ಸೊಂಟ ಕಟ್ಟಿ ನಿಂತಿದ್ದರು. ಆ ಮುಖವಿಲ್ಲದ ಮುಂಡೇದು ಒಂದು ಬರೆದರೆ ನಾವು ಹತ್ತು ಬರೆಯೋಣ ಎಂಬುದು ಅವರ ಯೋಜನೆ. ಎಲ್ಲರೂ ಒಂದೊಂದು ಹೆಸರು ಇಟ್ಟುಕೊಂಡು ಹೊಗಳಬೇಕು. ಕೂಡಲೇ ಅತ್ತೆ ಕುಸ್ತಿ ಪೈಲ್ವಾನರಾದರು. ಇತ್ತೀಚೆಗಷ್ಟೇ ನಿವೃತ್ತರಾಗಿದ್ದ ಮಾವ ವಿಮಾನ ಓಡಿಸುವವರಾದರು. ಹೆಂಡತಿ ಮೂವರು ಬೇರೆ ಬೇರೆ ಹೆಂಗಸರೂ ಒಬ್ಬ ನಿವೃತ್ತ ನ್ಯಾಯಾಧೀಶರೂ ಆದರು. ಕಚೇರಿಯವರೆಂದು ಗುಮಾಸ್ತರಿಗೆ ಎಲ್ಲರ ಬರಹವನ್ನು ತಿದ್ದುವ ಕೆಲಸ ಬಿತ್ತು.

ಸುಳ್ಳು ಹೆಸರಲ್ಲಿ ಬರೆಯೋದು ಅಷ್ಟು ಸರಿಯಲ್ಲವೇನೋ ಎಂದು ಗುಮಾಸ್ತರು ಗಂಟಲಲ್ಲೇ ಗೊಣಗಿದರು. ಅವನು ಬರೀಬಹುದು, ನಾವು ಬರೀಬಾರ್ದಾ ಎಂದು ಹೆಂಡತಿ ತಿರುಗಿಬಿದ್ದರು. ಹಾಗಲ್ಲ, ಹೆಸರು ಮುಚ್ಚಿಕೊಳ್ಳೋಕೆ ಅವನಿಗೂ ಏನಾದರೂ ಕಾರಣ ಇರಬಹುದು, ನಮ್ಮ ಕಿಟಕಿಗೆ ಬಂದು ದೂರು ಕೊಟ್ಟವರ ಹೆಸರು ಹೊರಗೆ ಬಿದ್ದು, ಸಿಟ್ಟಾದವರು ಅವರ ಮನೆಯ ಪೈಪನ್ನೇ ಕಿತ್ತುಹಾಕಿದ್ದುಂಟು ಎಂದು ಗುಮಾಸ್ತರು ಆ ಗೈರುಹಾಜರಾದ ವ್ಯಕ್ತಿಯ ಪರ ಒಂದಿಷ್ಟು ವಾದಿಸಿದರು.

ಆಗ ಮಾವ ಕನ್ನಡಕದ ಮೇಲಿಂದ ಅಳಿಯನನ್ನು ನೋಡಿ ಹೇಳಿದರು. "ಹೆಸರು ಮುಚ್ಚಿಕೊಳ್ಳಲಿ, ಯಾರು ಬೇಡ ಅಂದ್ರು? ಹೆದರಿಕೆ ಇರುತ್ತೆ ಮನುಷ್ಯಂಗೆ. ಆದ್ರೆ ಹೆಸರೂ ಇಲ್ಲ, ನಿಜಾನೂ ಇಲ್ಲ ಅಂದ್ರೆ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಏಟು ಬಿದ್ದೋನು ಯಾರ ಹತ್ರ ಹೋಗಿ ಕೇಳಬೇಕು ಹೇಳಿ?"

ಹೀಗೆ ಹೇಳಿ ಅವರು ಮತ್ತೆ ಫೋನಿಗೆ ತಲೆ ಬಗ್ಗಿಸಿ, ತಮ್ಮ ವಿಮಾನ ಮೋಡದ ಮೇಲಿದ್ದಾಗ ಹಲ್ಲುನೋವು ಬಂದ ಬಗೆಯನ್ನು ಮುಂದುವರಿಸಿದರು.

ಆ ಹೊಗಳಿಕೆಗಳು ಊರಿನ ಕೈಗೆ ಸಿಕ್ಕಿ ಚಿಂದಿಯಾದವು. ಪೈಲ್ವಾನರು, ವಿಮಾನದವರು, ನ್ಯಾಯಾಧೀಶರು ಎಲ್ಲರೂ ಒಂದೇ ಮಧ್ಯಾಹ್ನ ಬರೆದಿದ್ದಾರೆ, ಎಲ್ಲರೂ 'ಬಂಗಾರದಂಥ ಹುಡುಗ' ಎಂದಿದ್ದಾರೆ, ಪೈಲ್ವಾನರಂತೂ 'ನನ್ನ ಕಂದ' ಎಂದುಬಿಟ್ಟಿದ್ದಾರೆ ಎಂದು ಓದುಗರು ಹಿಡಿದು ತೋರಿಸಿದರು. ಡಾಕ್ಟರು ಸುಳ್ಳು ಬರೆಸುತ್ತಿದ್ದಾರೆ ಎಂದರೆ ಕೈ ನಡುಗುವುದು ಖಂಡಿತ ಎಂದು ತೀರ್ಮಾನವಾಯಿತು. ಈ ಬಗ್ಗೆ ನಿರ್ಭೀತರು ಏನಾದರೂ ಹೇಳಲಿ ಎಂದು ಎಲ್ಲರೂ ಕಾದು ಕೂತರು.

ನಿರ್ಭೀತರು ಆ ಹೊತ್ತಿಗೆ ಸ್ನಾನದ ಮನೆಯಲ್ಲಿ ಬೆವರುತ್ತಿದ್ದರು. ಆ ಒಂದು ವಾಕ್ಯವನ್ನು ಹಿಂದಕ್ಕೆ ತೆಗೆದುಕೊಂಡು, ತಪ್ಪಾಯಿತು ಎಂದು ಎರಡು ಅಕ್ಷರ ಬರೆದಿದ್ದರೆ ಮುಗಿಯುತ್ತಿತ್ತು. ನಿಮಗೆ ಹೊಳೆಯಿತು, ನಮಗೂ ಹೊಳೆಯಿತು. ಗುಮಾಸ್ತರಿಗೆ ಹೊಳೆದದ್ದೇ ಬೇರೆ. ವಾಕ್ಯ ಬರೆದವನೇ ಇಲ್ಲವಾದರೆ ವಾಕ್ಯವೂ ಇಲ್ಲವಾಗುತ್ತದೆ ಎಂದುಕೊಂಡು, ನಿರ್ಭೀತನನ್ನೇ ಅಳಿಸಿಹಾಕಿದರು. ಖಾತೆ, ಬರಹ, ನಕ್ಷತ್ರ, ಎಲ್ಲ ಮಾಯ. ಉಸ್ಸೆಂದು ಉಸಿರು ಬಿಟ್ಟು ಹೊರಗೆ ಬಂದರು.

ಕಚೇರಿ ಸೇರುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ಅಲ್ಲಿತ್ತು. ನಿರ್ಭೀತರನ್ನು ಮುಗಿಸಿಬಿಟ್ಟರು ಎಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಡಾಕ್ಟರು ಬೆದರಿಕೆ ಹಾಕಿದರಂತೆ. ಕುರ್ಚಿಗೆ ಕಟ್ಟಿಹಾಕಿ ಒಂದೊಂದೇ ಹಲ್ಲು ಕೀಳುತ್ತ ಅಳಿಸು ಎಂದರಂತೆ. ಅಳಿಸಿದ ಬರಹದ ಚಿತ್ರವನ್ನು ಯಾರೋ ತೆಗೆದಿಟ್ಟುಕೊಂಡಿದ್ದರು. ಈಗ ಅದು ಮೊದಲು ನೋಡದವರ ಫೋನಿಗೂ ತಲುಪಿತು. ದೂರಿನ ಕಿಟಕಿಗೆ ಬಂದ ಮುದುಕರೊಬ್ಬರು ತಮ್ಮ ನಲ್ಲಿಯ ವಿಷಯ ಬಿಟ್ಟು, ಆ ನಿರ್ಭೀತ ಬದುಕಿದ್ದಾನೋ ಇಲ್ಲವೋ ಎಂದು ಗುಮಾಸ್ತರನ್ನೇ ಕೇಳಿದರು. ಗುಮಾಸ್ತರು ಅದಕ್ಕೂ ಒಂದು ರಸೀದಿ ಕೊಟ್ಟರು.

ಇನ್ನು ಉಳಿದದ್ದು ಹೆಂಡತಿಯ ಎರಡನೇ ಯೋಜನೆ. ಖಾಲಿ ದವಾಖಾನೆಗೆ ಯಾರೂ ನುಗ್ಗುವುದಿಲ್ಲ, ಆದ್ದರಿಂದ ಮನೆಯವರೇ ಸರದಿಯ ಮೇಲೆ ಹೋಗಿ ಬೆಂಚು ತುಂಬಬೇಕು. ಗುಮಾಸ್ತರಿಗೆ ಸಂಜೆಯ ಸರದಿ. ಗಲ್ಲಕ್ಕೆ ಕರವಸ್ತ್ರ ಕಟ್ಟಿಕೊಂಡು, ಆಗಾಗ ಮೆಲ್ಲಗೆ ನರಳಬೇಕೆಂದು ಅಪ್ಪಣೆಯಾಗಿತ್ತು. ನರಳುವಿಕೆಯಲ್ಲಿ ಜೀವವಿಲ್ಲ ಎಂದು ಪಕ್ಕದಲ್ಲಿ ಕೂತ ಅತ್ತೆ ಮೊಣಕೈಯಿಂದ ತಿವಿದರು. ಅವರು ತಿವಿದದ್ದಕ್ಕೋ, ಗುಮಾಸ್ತರು ವಾರದಿಂದ ಹಲ್ಲು ಕಚ್ಚಿಕೊಂಡು ಓಡಾಡಿದ್ದಕ್ಕೋ, ಮೂರನೇ ಸಂಜೆ ದವಡೆಯ ಹಳೇ ಹುಳುಕು ಹಲ್ಲೊಂದು ನಿಜವಾಗಿಯೇ ಸಿಡಿಯಲು ಶುರುವಾಯಿತು. ಈಗ ನರಳುವಿಕೆ ಬೀದಿಗೇ ಕೇಳಿಸಿತು. ಬಾಗಿಲಲ್ಲಿ ಇಣುಕಿದ್ದ ಒಬ್ಬರು ಅದನ್ನು ಕೇಳಿ ಹಾಗೇ ಹಿಂದಕ್ಕೆ ಹೋದರು.

ಬೇರೆ ಡಾಕ್ಟರ ಹತ್ತಿರ ಹೋಗೋಣ ಎಂದು ಗುಮಾಸ್ತರು ಸನ್ನೆ ಮಾಡಿದ್ದನ್ನು, ಸರದಿ ನೋಡಿಕೊಳ್ಳಲು ಬಂದಿದ್ದ ಹೆಂಡತಿ ಕಣ್ಣೆತ್ತಿ ಕೂಡ ನೋಡಲಿಲ್ಲ. ಸ್ವಂತ ಭಾವನೇ ಬೇರೆಯವರ ಹತ್ತಿರ ಹೋದರೆ ಊರು ಏನಂದೀತು ಎಂದು ರಟ್ಟೆ ಹಿಡಿದು ಒಳಗೆ ನೂಕಿದರು. ಕೆಲಸವಿಲ್ಲದೆ ನರ್ಸು ರಜೆ ಹಾಕಿದ್ದಳು. ಆದ್ದರಿಂದ ಟ್ರೇ ಹಿಡಿದು ಕಾಲ ಬಳಿ ನಿಂತವರೂ ಹೆಂಡತಿಯೇ.

ಕುರ್ಚಿ ಹಿಂದಕ್ಕೆ ಬಾಗಿತು. ಈ ಸಲ ಗುಮಾಸ್ತರು ಕೂಗಲಿಲ್ಲ. ಬಾಯಿ ಮುಚ್ಚದಂತೆ ರಬ್ಬರಿನ ತುಂಡು ಇಟ್ಟು, ಕೆನ್ನೆಗೆ ಹತ್ತಿ ತುರುಕಿ, ಎಂಜಲು ಹೀರುವ ಕೊಳವೆಯನ್ನು ತುಟಿಗೆ ಸಿಕ್ಕಿಸಿ, ಭಾವಮೈದುನ ಸೂಜಿ ಎತ್ತಿಕೊಂಡ. ಗುಮಾಸ್ತರು ಕಣ್ಣು ಬಿಟ್ಟು ನೋಡಿದರು. ದೀಪದ ಕೆಳಗೆ ಆ ಸೂಜಿಯ ಮೊನೆ ಗಡಗಡ ನಡುಗುತ್ತಿತ್ತು.

ಭಾವಮೈದುನ ಕೈಯನ್ನು ಕೆಳಗಿಳಿಸಿದ. "ನೋಡಿದ್ರಾ ಭಾವ? ಇದು ನನಗೇ ಗೊತ್ತಿರಲಿಲ್ಲ. ಆ ಮನುಷ್ಯ ಯಾರೋ, ನನಗಿಂತ ಮೊದಲು ಕಂಡುಹಿಡಿದ. ಅವನ ಮೇಲೆ ನನಗೆ ಸಿಟ್ಟೇ ಇಲ್ಲ. ಯಾರ ಬಾಯಿಗಾದ್ರೂ ಅಪಾಯ ಆಗೋಕೆ ಮುಂಚೆ ಹೇಳಿದ, ಅಷ್ಟೆ. ನಿಮ್ಮದೊಂದು ಹಲ್ಲು ಮುಗಿಸಿ ನಾಳೆ ಬೀಗ ಹಾಕಿಬಿಡ್ತೀನಿ. ಟೂತ್‌ಪೇಸ್ಟ್ ಕಂಪನಿಯಲ್ಲಿ ಅಂಗಡಿ ಸುತ್ತೋ ಕೆಲಸ ಇದೆಯಂತೆ. ಅದಕ್ಕೆ ಕೈ ನೆಟ್ಟಗಿರಬೇಕು ಅಂತೇನಿಲ್ಲವಲ್ಲ."

ಟ್ರೇ ಹಿಡಿದ ಹೆಂಡತಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಗುಮಾಸ್ತರಿಗೆ ಒಂದು ಕಡೆ ಹಲ್ಲು, ಇನ್ನೊಂದು ಕಡೆ ತಾವೇ ಬರೆದ ಸುಳ್ಳು, ಇವೆರಡರ ಎದುರಿಗೆ ನಡುಗುವ ಸೂಜಿ. ಇನ್ನು ತಡೆಯಲಾಗಲಿಲ್ಲ. ಹಾಗೇ ಒಂದು ಉಪಾಯವೂ ಹೊಳೆಯಿತು. ಬಾಯಿ ತುಂಬ ಹತ್ತಿ, ರಬ್ಬರು, ಕೊಳವೆ. ಈಗ ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ. ಹೇಳಿದ ಹಾಗೂ ಆಗುತ್ತದೆ, ಸಂಸಾರವೂ ಉಳಿಯುತ್ತದೆ. ಗುಮಾಸ್ತರು ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟರು.

"ಆಏ ಇಈಅ," ಅಂದರೆ ನಾನೇ ನಿರ್ಭೀತ, ಎಂದು ಶುರುಮಾಡಿ, ಸ್ನಾನದ ಮನೆ, ನಲ್ಲಿ, ಬಕೆಟ್ಟು, ಭಾನುವಾರದ ಊಟದಲ್ಲಿ ಆದ ಅವಮಾನ, ಮೂರು ನಿಜ, ನಾಲ್ಕನೆಯ ಸುಳ್ಳು, ಒಂದನ್ನೂ ಬಿಡಲಿಲ್ಲ. ಕೇಳುವವರಿಗೆ ಯಾರೋ ಬಾವಿಯ ತಳದಿಂದ ಅಳುತ್ತಿರುವ ಹಾಗಿತ್ತು. ಕೊಳವೆ ಗೊರಗೊರ ಎಂದು ತಾಳ ಹಾಕಿತು. ಮುಗಿಸಿದಾಗ ಗುಮಾಸ್ತರಿಗೆ ಎಷ್ಟೋ ದಿನಗಳ ಮೇಲೆ ಹಗುರವೆನ್ನಿಸಿತು. ಕಣ್ಣು ತೆರೆದರು.

ಭಾವಮೈದುನ ಅವರನ್ನೇ ನೋಡುತ್ತಿದ್ದ.

"ಏನಂತೋ ಅದು?" ಎಂದು ಕಾಲ ಬಳಿಯಿಂದ ಹೆಂಡತಿ ಕೇಳಿದರು.

"ತುಂಬ ನೋಯ್ತಿದೆಯಂತೆ ಅಕ್ಕ. ನೀನು ಹೊರಗಿರು, ಅಮ್ಮ ಒಬ್ಬರೇ ಇದ್ದಾರೆ."

ಬಾಗಿಲು ಮುಚ್ಚಿದ ಮೇಲೆ ಅವನು ಮೆಲ್ಲಗೆ, ದನಿ ಏರಿಸದೆ ಹೇಳಿದ. "ಬಾಯಿ ತೆರೆದುಕೊಂಡೋರ ಮಾತು ಕೇಳೋದೇ ನನ್ನ ಕೆಲಸ ಭಾವ. ದಿನವಿಡೀ ಕೇಳೋದು ಇದೊಂದೇ ಭಾಷೆ. ಮುಚ್ಚಿಕೊಂಡು ಮಾತಾಡೋರೇ ನನಗೆ ಅರ್ಥ ಆಗಲ್ಲ."

ಗುಮಾಸ್ತರಿಗೆ ಎದ್ದು ಓಡಬೇಕೆನ್ನಿಸಿತು. ಕುರ್ಚಿ ಬಾಗಿದ್ದರಿಂದ ಕಾಲು ನೆಲಕ್ಕೆ ಸಿಗಲಿಲ್ಲ.

"ಊಟದ ದಿನ ನಾನು ಹಾಗೆ ನಗಿಸಬಾರದಿತ್ತು, ಒಪ್ಪಿದೆ. ಹಾಡ್ತೀನಿ ಅಂತ ಬರೆದ್ರಿ, ಬರೀರಿ, ಹಾಡ್ತೀನಿ. ಆದ್ರೆ ವಾಕ್ಯ ಮೊಟಕಾಯ್ತು ಅಂತ ನನ್ನ ಕೈ ತಗೊಂಡ್ರಲ್ಲ ಭಾವ. ಬೇರೆ ಏನೂ ಸಿಗಲಿಲ್ವಾ ನಿಮಗೆ?"

ಗುಮಾಸ್ತರ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಭಾವಮೈದುನ ಬಲಗೈಯನ್ನು ದೀಪದ ಕೆಳಗೆ ಚಾಚಿ, ತಿರುಗಿಸಿ ಮುರುಗಿಸಿ ನೋಡಿಕೊಂಡ. ಕೈ ಕಲ್ಲಿನ ಹಾಗೆ ನಿಂತಿತ್ತು. ಅವನ ಮುಖದ ಮೇಲೆ ಏನೋ ಒಂದು ನಿಧಾನವಾಗಿ ಅರಳಿತು. ಅದು ಪೂರ್ತಿ ಸಂತೋಷವೇ, ಅಥವಾ ಅದರಲ್ಲಿ ಬೇರೆ ಏನಾದರೂ ಬೆರೆತಿತ್ತೇ ಎಂದು ಕೆಳಗಿನಿಂದ ನೋಡುವವರಿಗೆ ಹೇಳುವುದು ಕಷ್ಟ. ಅವನು ಸೂಜಿ ಎತ್ತಿಕೊಂಡು, ಬಾಯಿ ಇನ್ನೂ ಸ್ವಲ್ಪ ತೆರೀರಿ ಎಂದು ಹೇಳಿ, ಹಾಡಲು ಶುರುಮಾಡಿದ.

ಹಲ್ಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಮನೆಗೆ ಹೋಗುವ ದಾರಿಯಲ್ಲಿ ಗುಮಾಸ್ತರು ಮರಗಟ್ಟಿದ ಬಾಯಿಯಲ್ಲೇ ಹೆಂಡತಿಗೂ ಹೇಳಿದರು. ಅವರು ಬೀದಿಯ ನಡುವೆ ನಿಂತುಬಿಟ್ಟರು. ಬೈಯುತ್ತಾರೆ ಎಂದು ಗುಮಾಸ್ತರು ಕಾದರು. ಬೈಯಲಿಲ್ಲ. "ನಲ್ಲಿ ಯಾಕೆ ಅಷ್ಟು ಹೊತ್ತು ಓಡ್ತಿತ್ತು ಅಂತ ಈಗ ಗೊತ್ತಾಯ್ತು," ಎಂದಷ್ಟೇ ಹೇಳಿ ಮುಂದೆ ನಡೆದರು. ಆ ವಾರವೆಲ್ಲ ಅವರು ಆಡಿದ ಮಾತು ಅದೊಂದೇ.

ಗುಮಾಸ್ತರು ಈಗ ಊಟದ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ, ಹೊಸ ಖಾತೆ ತೆರೆದರು. ತಮ್ಮ ಸ್ವಂತ ಹೆಸರು, ತಂದೆಯ ಹೆಸರು, ಇಲಾಖೆಯ ಹೆಸರು ಎಲ್ಲ ಹಾಕಿ, ನಿರ್ಭೀತ ಎಂಬುವನು ನಾನೇ, ಕೈ ನಡುಗುತ್ತದೆ ಎಂದದ್ದು ಸುಳ್ಳು, ಡಾಕ್ಟರ ಕ್ಷಮೆ ಕೇಳುತ್ತೇನೆ ಎಂದು ಬರೆದರು. ಜೀವಮಾನದಲ್ಲಿ ಅವರು ಇಷ್ಟು ಧೈರ್ಯ ಮಾಡಿದ್ದಿಲ್ಲ. ಕಳಿಸಿದ ಮೇಲೆ ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು.

ಯಾರೂ ನಂಬಲಿಲ್ಲ. ಇದೂ ಡಾಕ್ಟರ ಮನೆಯವರ ಕೈವಾಡ, ಪೈಲ್ವಾನರ ತಮ್ಮ ಇರಬೇಕು ಎಂದರು. ಇಂಥ ಹೆಸರಿನ ಮನುಷ್ಯ ಇರಲು ಸಾಧ್ಯವೇ ಇಲ್ಲ ಎಂದರು. ನಿರ್ಭೀತರಾದರೆ ನಿರ್ಭೀತರ ಖಾತೆಯಿಂದಲೇ ಬಂದು ಹೇಳಲಿ, ಆಗ ನೋಡೋಣ ಎಂದರು. ಟೈಪಿಸ್ಟಮ್ಮ ಅದನ್ನು ಗಟ್ಟಿಯಾಗಿ ಓದಿ, ಗುಮಾಸ್ತರನ್ನು ಕರುಣೆಯಿಂದ ನೋಡಿ, ಯಾರೋ ನಿಮ್ಮ ಹೆಸರು ಕದ್ದಿದ್ದಾರೆ, ಒಂದು ದೂರು ಕೊಡಿ ಎಂದರು.

ಇದನ್ನೆಲ್ಲ ಕೇಳಿದ ಭಾವಮೈದುನ ಒಂದೇ ಮಾತು ಹೇಳಿದ. ಫೋನಿನಲ್ಲಿ ನಂಬದಿದ್ದರೆ ಬಾಯಲ್ಲಿ ಹೇಳಿ. ಹೀಗಾಗಿ ದಿನಾ ಸಂಜೆ ಗುಮಾಸ್ತರು ಕಚೇರಿಯಿಂದ ನೆಟ್ಟಗೆ ದವಾಖಾನೆಗೆ ಬಂದು, ಕರವಸ್ತ್ರವಿಲ್ಲದೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರತೊಡಗಿದರು. ಯಾರು ಇಣುಕಿದರೂ ಎದ್ದು ನಿಂತು ಹೇಳಬೇಕು. ಕೂತಿರುವಾಗ ಅಂಗೈ ಒರೆಸಿಕೊಳ್ಳುವುದು, ಗೋಡೆಯ ಗಡಿಯಾರ ನೋಡುವುದು, ಯಾರೂ ಬಾರದಿರಲಿ ಎಂದು ಬೇಡಿಕೊಂಡು, ಮರುಕ್ಷಣವೇ ಅಯ್ಯೋ ಯಾರಾದರೂ ಬರಲಿ ಎಂದು ಬೇಡಿಕೊಳ್ಳುವುದು.

ಮೊದಲು ಬಂದವನು ಕ್ಷೌರಿಕ. ದವಡೆ ಊದಿತ್ತು. ಹೊಸ್ತಿಲಲ್ಲೇ ನಿಂತು, ಈ ಡಾಕ್ಟರ ಕೈ ವಿಷಯ ಏನೋ ಕೇಳಿದ್ದೆ ಎಂದು ಗೊಣಗಿದ. ಗುಮಾಸ್ತರು ಎದ್ದು ನಿಂತರು.

"ಅದನ್ನ ಬರೆದೋನು ನಾನೇ. ನಿರ್ಭೀತ ನಾನೇ. ಕೈ ನಡುಗೋದು ಸುಳ್ಳು, ಸುಮ್ಮನೆ ಸೇರಿಸಿದ್ದು. ಧೈರ್ಯವಾಗಿ ಒಳಗೆ ಹೋಗಿ."

ಕ್ಷೌರಿಕ ಇವರನ್ನು ಮೇಲಿಂದ ಕೆಳಗೆ ನೋಡಿದ. ವರ್ಷಗಟ್ಟಲೆ ತನ್ನ ಕೈಯಲ್ಲಿ ತಲೆ ಕೊಟ್ಟು, ಬಹಳ ಚೆನ್ನಾಗಿದೆ ಎಂದು ಎದ್ದುಹೋದ ಮುಖ.

"ಹಾಗಾದ್ರೆ ಹಾಡ್ತಾರೆ ಅನ್ನೋದು?"

"ಅದು ನಿಜ."

"ನನ್ನ ಅಂಗಡಿ ಟೀವಿ ವಿಷಯ?"

ಗುಮಾಸ್ತರು ಗೋಡೆ ನೋಡಿದರು, ನೆಲ ನೋಡಿದರು. "ಅದೂ ನಿಜ," ಎಂದರು.

ಕ್ಷೌರಿಕ ಕೈ ಚಾಚಿ, ಗುಮಾಸ್ತರ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿ, ಬಲಗಿವಿಯ ಹಿಂದೆ ಬೆರಳಾಡಿಸಿ ನೋಡಿದ.

"ತುಂಬ ಬೆಳೆದಿದೆ ಸಾರ್. ನಾಳೆ ಬಂದುಬಿಡಿ," ಎಂದು ಹೇಳಿ ಒಳಗೆ ಹೋದ.

ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಹಾಡು ಕೇಳಿಸಿತು. ಗುಮಾಸ್ತರು ಬೆಂಚಿನ ಮೇಲೆ ಕೂತು, ಬಲಗಿವಿಯನ್ನು ಅಂಗೈಯಲ್ಲಿ ಹಿಡಿದುಕೊಂಡರು.